ಆಗುತ್ತದೆಯೋ, ಮಾಡಬೇಕೋ?

ಸಾಫ್ಟ್‌ವೇರ್ ಆರ್ಕಿಟೆಕ್ಟ್ ಪರೀಕ್ಷೆಗೆ ಕೂರುವ ಕನ್ನಡಿಗರು ಅದಕ್ಕೆ ಕನ್ನಡದಲ್ಲೇ ತಯಾರಾಗಬೇಕು ಎಂದರೆ ಎರಡು ಕಡೆಯಿಂದ ಬೈಗುಳ ಬೀಳುತ್ತದೆ. ಒಂದು ಕಡೆಯವರು, ‘ಪರೀಕ್ಷೆ ಇಂಗ್ಲಿಷಿನಲ್ಲಿ, ಕೆಲಸ ಇಂಗ್ಲಿಷಿನಲ್ಲಿ, ಸಂಬಳದ ಚೀಟಿಯೂ ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡಕ್ಕೇನು ಕೆಲಸ? ಅದಕ್ಕೆ ಕತೆ-ಕವಿತೆ ಇದೆಯಲ್ಲ’ ಎನ್ನುತ್ತಾರೆ. ಇನ್ನೊಂದು ಕಡೆಯವರು, ‘ಬರೀ ತಯಾರಿ ಯಾಕೆ, ಪ್ರಶ್ನೆಪತ್ರಿಕೆಯೇ ಕನ್ನಡದಲ್ಲಿ ಬರಲಿ. ಅದಕ್ಕೂ ಮೊದಲು ಕ್ಲೌಡ್‌ಗೆ ಒಂದು ಒಳ್ಳೆಯ ಕನ್ನಡ ಪದ ಹುಟ್ಟಿಸೋಣ’ ಎನ್ನುತ್ತಾರೆ. ಇಬ್ಬರೂ ಭಾಷೆಯನ್ನು ಒಂದು ಹಣೆಪಟ್ಟಿಯಂತೆ ನೋಡುತ್ತಾರೆ. ಯೋಚನೆ ಮಾಡುವಾಗ ಭಾಷೆ ಏನು ಕೆಲಸ ಮಾಡುತ್ತದೆ ಎಂಬುದನ್ನು ಇಬ್ಬರೂ ನೋಡುವುದಿಲ್ಲ. ನನ್ನ ಜಗಳ ಇಬ್ಬರ ಜತೆಗೂ ಇದೆ, ಮೊದಲನೆಯವರ ಜತೆ ಸ್ವಲ್ಪ ಹೆಚ್ಚು.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಪರೀಕ್ಷೆಯನ್ನೇ ಎದುರಿಗಿಟ್ಟುಕೊಳ್ಳೋಣ. ಅಮೆಜಾನ್ ವೆಬ್ ಸರ್ವಿಸಸ್ ನಡೆಸುವ ‘ಸಲ್ಯೂಷನ್ಸ್ ಆರ್ಕಿಟೆಕ್ಟ್ – ಪ್ರೊಫೆಷನಲ್’. ಈಗ ನಡೆಯುತ್ತಿರುವ ಆವೃತ್ತಿ ಜಾರಿಗೆ ಬಂದದ್ದು 2022ರ ನವೆಂಬರಿನಲ್ಲಿ. ಶುಲ್ಕ 300 ಡಾಲರ್, ಅಂದರೆ 25 ಸಾವಿರ ರೂಪಾಯಿಗೂ ಮೇಲೆ. ಪ್ರಶ್ನೆ 75, ಸಮಯ 180 ನಿಮಿಷ. 75ರಲ್ಲಿ 65ಕ್ಕೆ ಮಾತ್ರ ಅಂಕ. ಉಳಿದ 10 ಪ್ರಶ್ನೆಗಳು ಮುಂದಿನ ಪರೀಕ್ಷೆಗಳಿಗಾಗಿ ಪರಖಿಸುತ್ತಿರುವಂಥವು, ಯಾವುವೆಂದು ಹೇಳುವುದಿಲ್ಲ. 1000ಕ್ಕೆ 750 ಬಂದರೆ ಪಾಸು. ಫೇಲಾದರೆ 14 ದಿನ ಕಾದು, ಮತ್ತೆ ದುಡ್ಡು ಕಟ್ಟಿ ಕೂರಬೇಕು. ಪಾಸಾದರೂ ಸರ್ಟಿಫಿಕೇಟಿನ ಆಯಸ್ಸು ಮೂರೇ ವರ್ಷ.

ಈಗ ಒಂದು ಸಣ್ಣ ಲೆಕ್ಕ. 180 ನಿಮಿಷಕ್ಕೆ 75 ಪ್ರಶ್ನೆ ಎಂದರೆ ಪ್ರಶ್ನೆಗೆ 2 ನಿಮಿಷ 24 ಸೆಕೆಂಡು. ಪ್ರಶ್ನೆ ಎಂದರೆ ಒಂದು ಸಾಲಲ್ಲ. ಒಂದು ಕಂಪನಿಯ ಇಡೀ ಪರಿಸ್ಥಿತಿ ಒಂದು ದಪ್ಪ ಪ್ಯಾರಾದಲ್ಲಿರುತ್ತದೆ, ಅದರ ಕೆಳಗೆ ಅಷ್ಟೇ ದಪ್ಪದ ನಾಲ್ಕು ಉತ್ತರಗಳು. ಕೆಲವಕ್ಕೆ ಐದೋ ಆರೋ ಉತ್ತರಗಳಿದ್ದು ಎರಡನ್ನೋ ಮೂರನ್ನೋ ಆರಿಸಬೇಕು. ಎಲ್ಲವನ್ನೂ ಓದಿ, ತೂಗಿ, ಒತ್ತುವುದಕ್ಕೆ ಸಿಗುವುದು ಅಷ್ಟೇ ಹೊತ್ತು. ಹೀಗಾಗಿ ಇದು ಅರ್ಧ ಆರ್ಕಿಟೆಕ್ಚರ್ ಪರೀಕ್ಷೆ, ಅರ್ಧ ಇಂಗ್ಲಿಷ್ ಓದಿನ ಪರೀಕ್ಷೆ. ಇದು ನನ್ನೊಬ್ಬಳ ಆರೋಪವೇನಲ್ಲ, ನಡೆಸುವವರೂ ಒಪ್ಪಿಕೊಂಡಿದ್ದಾರೆ. ಇಂಗ್ಲಿಷ್ ಮನೆಮಾತಲ್ಲದವರು ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯುವುದಾದರೆ 30 ನಿಮಿಷ ಹೆಚ್ಚು ಕೇಳಿಕೊಳ್ಳಬಹುದು. ಪರೀಕ್ಷೆಯ ದಿನ ಗೊತ್ತು ಮಾಡಿಕೊಳ್ಳುವ ಮೊದಲೇ ಅರ್ಜಿ ಹಾಕಬೇಕು. ಒಮ್ಮೆ ಸಿಕ್ಕಿದರೆ ಮುಂದಿನ ಪರೀಕ್ಷೆಗಳಿಗೂ ಅದು ಅನ್ವಯಿಸುತ್ತದೆ. ಪ್ರಶ್ನೆಗೆ 24 ಸೆಕೆಂಡು ಹೆಚ್ಚು ಸಿಕ್ಕಂತಾಯಿತು.

ಈ ಸೌಲಭ್ಯದ ಬಗ್ಗೆ ಗೊತ್ತಿದ್ದೂ ಕೇಳಿಕೊಳ್ಳದವರನ್ನು ನೋಡಿದ್ದೇನೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿ, ಆಮೇಲೆ ಇಂಜಿನಿಯರಿಂಗ್ ಮುಗಿಸಿ, ಹತ್ತು ವರ್ಷ ಪುಣೆಯಲ್ಲೋ ಹೈದರಾಬಾದಿನಲ್ಲೋ ದುಡಿದವರು ‘ನನಗೆ ಇಂಗ್ಲಿಷ್ ಬರುತ್ತದೆ, ಅದರ ಅಗತ್ಯವಿಲ್ಲ’ ಎನ್ನುತ್ತಾರೆ. ಬರುತ್ತದೆ, ನಿಜ. ಬರುವುದಕ್ಕೂ ಎರಡೂವರೆ ನಿಮಿಷದೊಳಗೆ ನಾಲ್ಕು ದಪ್ಪ ಪ್ಯಾರಾಗಳ ನಡುವಿನ ಕೂದಲೆಳೆಯ ವ್ಯತ್ಯಾಸ ಹಿಡಿಯುವುದಕ್ಕೂ ಬಹಳ ದೂರವಿದೆ. ಅರ್ಜಿ ಹಾಕಿದರೆ ಮಾನ ಹೋಗುತ್ತದೆ ಎಂಬ ಅಂಜಿಕೆಯಿಂದ 30 ನಿಮಿಷವನ್ನು ಬಿಟ್ಟುಕೊಡುತ್ತಾರೆ. ದಯವಿಟ್ಟು ಬಿಟ್ಟುಕೊಡಬೇಡಿ, ಅದು ಭಿಕ್ಷೆಯಲ್ಲ. ಆದರೆ ಅಷ್ಟರಿಂದಲೇ ಕಷ್ಟ ತೀರುತ್ತದೆ ಎಂದೂ ತಿಳಿಯಬೇಡಿ. ಅರ್ಥವಾಗದ ವಾಕ್ಯವನ್ನು ಇನ್ನೂ 24 ಸೆಕೆಂಡು ದಿಟ್ಟಿಸಿದರೆ ಅರ್ಥವಾಗುವುದಿಲ್ಲ.

ಸದ್ಯಕ್ಕೆ ತಯಾರಿ ಹೇಗೆ ನಡೆಯುತ್ತದೆ? ಕ್ಲೌಡ್ ಕಂಪನಿಗಳ ಪಾಲುದಾರ ಸಂಸ್ಥೆಗಳಿಗೆ ಮೇಲಿನ ದರ್ಜೆ ಬೇಕಾದರೆ ಇಂತಿಷ್ಟು ಮಂದಿ ಸರ್ಟಿಫಿಕೇಟ್ ಹೊಂದಿದವರನ್ನು ತೋರಿಸಬೇಕು. ಹಾಗಾಗಿ ಮ್ಯಾನೇಜರ್ ಕಡೆಯಿಂದ ‘ಈ ಕ್ವಾರ್ಟರಿನೊಳಗೆ ಮುಗಿಸಿ’ ಎಂಬ ಮಾತು ಬರುತ್ತದೆ. ಮುಗಿಸಲು ಜನ ಹಿಡಿಯುವ ಅಡ್ಡದಾರಿಗಳು ಎರಡು. ಒಂದು, ಡಂಪ್: ಪರೀಕ್ಷೆಯಿಂದ ಕದ್ದು ತಂದ ಪ್ರಶ್ನೆಗಳನ್ನು ಉತ್ತರದ ಸಮೇತ ಬಾಯಿಪಾಠ ಮಾಡುವುದು. ಇದು ಪರೀಕ್ಷೆಗೆ ಮುಂಚೆ ನಾವೇ ಒಪ್ಪಿ ಸಹಿ ಹಾಕುವ ಕರಾರಿಗೆ ವಿರುದ್ಧ. ಆ ಉತ್ತರಗಳಲ್ಲಿ ತಪ್ಪೂ ಧಾರಾಳ. ಇನ್ನೊಂದು, ಕೀವರ್ಡ್ ಮಂತ್ರ: ‘ಲೀಸ್ಟ್ ಆಪರೇಷನಲ್ ಓವರ್‌ಹೆಡ್ ಅಂತ ಕಂಡರೆ ಸರ್ವರ್‌ಲೆಸ್ ಇರುವ ಉತ್ತರ ಒತ್ತಿ’. ಕೆಳಹಂತದ ಪರೀಕ್ಷೆಗಳಲ್ಲಿ ಈ ಮಂತ್ರ ಒಂದಷ್ಟು ನಡೆದೀತು. ಪ್ರೊಫೆಷನಲ್ ಹಂತದಲ್ಲಿ ತಪ್ಪು ಉತ್ತರಗಳನ್ನೂ, ಅರೆಬರೆ ತಿಳಿದವರಿಗೆ ಸರಿಯೆನಿಸುವ ಹಾಗೆ ಹೊಸೆದಿರುತ್ತಾರೆ. ನಾಲ್ಕರಲ್ಲೂ ಸರ್ವರ್‌ಲೆಸ್ ಇದ್ದರೆ ಯಾವ ಮಂತ್ರ ಹೇಳುತ್ತೀರಿ?

ಎರಡೂ ದಾರಿಗಳ ಬುಡದಲ್ಲಿರುವುದು ಒಂದೇ ರೋಗ: ಇಂಗ್ಲಿಷ್ ಪದಗಳು ಅರ್ಥ ಬಿಚ್ಚಿಕೊಳ್ಳದೆ ಬಾಯಿಂದ ಬಾಯಿಗೆ ಸವಕಲು ನಾಣ್ಯದಂತೆ ಓಡಾಡುವುದು. ಇದಕ್ಕೆ ನಮ್ಮ ಮಾತಿನ ವ್ಯಾಕರಣವೇ ಅನುಕೂಲ ಮಾಡಿಕೊಟ್ಟಿದೆ. ಯಾವ ಇಂಗ್ಲಿಷ್ ಕ್ರಿಯಾಪದ ಬಂದರೂ ನಾವು ಅದರ ಬಾಲಕ್ಕೆ ‘ಮಾಡು’ ಇಲ್ಲವೇ ‘ಆಗು’ ಕಟ್ಟಿ ಒಳಗೆ ಬಿಟ್ಟುಕೊಳ್ಳುತ್ತೇವೆ. ಡಿಕಪಲ್ ಮಾಡು, ಸ್ಕೇಲ್ ಆಗು, ಫೇಲ್‌ಓವರ್ ಆಗು. ಪದದ ಅರ್ಥ ಗೊತ್ತಿರಲಿ ಬಿಡಲಿ, ವಾಕ್ಯ ಮಾತ್ರ ನೆಟ್ಟಗೆ ನಿಲ್ಲುತ್ತದೆ. ಕನ್ನಡದ ಈ ಔದಾರ್ಯವನ್ನೇ ನಾವು ಸೋಮಾರಿತನಕ್ಕೆ ಬಳಸಿಕೊಂಡಿದ್ದೇವೆ.

ಆದರೆ ಅದೇ ಎರಡು ಬಾಲಗಳನ್ನು ಗಮನವಿಟ್ಟು ನೋಡಿದರೆ ಆರ್ಕಿಟೆಕ್ಚರಿನ ಬಹುಪಾಲು ಅಲ್ಲೇ ಸಿಗುತ್ತದೆ. ‘ಆಗು’ ಎಂದಾಗ ಮಾಡುವವರು ಮರೆಯಾಗುತ್ತಾರೆ. ‘ಮಾಡು’ ಎಂದಾಗ ‘ಯಾರು?’ ಎಂಬ ಪ್ರಶ್ನೆ ಏಳಲೇಬೇಕು. ಒಂದು ಉದಾಹರಣೆ ತೆಗೆದುಕೊಳ್ಳಿ. ಅಮೆಜಾನಿನ ಡೇಟಾಬೇಸ್ ಸೇವೆ ಆರ್‌ಡಿಎಸ್‌ನಲ್ಲಿ ಮಲ್ಟಿ-ಎಝೆಡ್ ಎಂಬ ಏರ್ಪಾಡಿದೆ. ಒಂದೇ ರೀಜನ್ನಿನೊಳಗೆ, ಬೇರೊಂದು ಡೇಟಾ ಸೆಂಟರ್ ಗುಂಪಿನಲ್ಲಿ, ನಿಮ್ಮ ಡೇಟಾಬೇಸಿನ ಜೋಡಿಯೊಂದು ಸದಾ ಸಿದ್ಧವಾಗಿ ನಿಂತಿರುತ್ತದೆ. ಮೊದಲನೆಯದು ಬಿದ್ದರೆ ಒಂದೆರಡು ನಿಮಿಷದಲ್ಲಿ ಎರಡನೆಯದು ತಾನಾಗಿಯೇ ಜಾಗ ತುಂಬುತ್ತದೆ. ಇಲ್ಲಿ ‘ಫೇಲ್‌ಓವರ್ ಆಗುತ್ತದೆ’ ಎಂಬ ಮಾತು ನೂರಕ್ಕೆ ನೂರು ಸರಿ. ಇನ್ನೊಂದು ಏರ್ಪಾಡು, ಬೇರೆಯೇ ರೀಜನ್ನಿನಲ್ಲಿ ಇಟ್ಟ ರೀಡ್ ರೆಪ್ಲಿಕಾ. ಮೂಲ ರೀಜನ್ ಬಿದ್ದರೆ ಅದು ಸುಮ್ಮನೆ ಇದ್ದಲ್ಲೇ ಇರುತ್ತದೆ. ಅದನ್ನು ಮುಖ್ಯ ಡೇಟಾಬೇಸಾಗಿ ಬಡ್ತಿ ಕೊಡಬೇಕು, ಅಪ್ಲಿಕೇಷನ್ನನ್ನು ಹೊಸ ವಿಳಾಸಕ್ಕೆ ತಿರುಗಿಸಬೇಕು. ಮಾಡಬೇಕು! ಯಾರು? ಮನುಷ್ಯರೋ, ಮನುಷ್ಯರು ಮೊದಲೇ ಬರೆದಿಟ್ಟ ಸ್ಕ್ರಿಪ್ಟೋ? ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರು ಯಾರು? ಇಂಗ್ಲಿಷಿನಲ್ಲಿ ಎರಡಕ್ಕೂ ‘ಫೇಲ್‌ಓವರ್’ ಎಂಬ ಒಂದೇ ನಾಮಪದ ಸಾಕು. ಯಾರು ಮಾಡುತ್ತಾರೆಂದು ಅದು ಹೇಳಬೇಕಿಲ್ಲ. ಕನ್ನಡದಲ್ಲಿ ಇಂಥ ವಾಕ್ಯ ಮುಗಿಸಬೇಕಾದರೆ ಸಾಮಾನ್ಯವಾಗಿ ಕ್ರಿಯಾಪದ ಬರಬೇಕು, ಕ್ರಿಯಾಪದ ಬಂತೆಂದರೆ ಆಗುತ್ತದೆಯೋ ಮಾಡಬೇಕೋ ಎಂದು ತೀರ್ಮಾನಿಸಬೇಕು.

ಈಗ ಆ ಭಯಂಕರ ‘ಲೀಸ್ಟ್ ಆಪರೇಷನಲ್ ಓವರ್‌ಹೆಡ್’ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ನಾಲ್ಕೂ ಉತ್ತರಗಳನ್ನು ಕನ್ನಡದಲ್ಲಿ ಹೇಳಿಕೊಳ್ಳಿ, ಯಾವುದರಲ್ಲಿ ‘ಮಾಡಬೇಕು’ಗಳು ಕಡಿಮೆಯೋ ಅದೇ ಅದು. ಇಸಿ2 ಸರ್ವರಿನ ಮೇಲೆ ನೀವೇ ಮೈಎಸ್‌ಕ್ಯೂಎಲ್ ಹಾಕಿಕೊಂಡರೆ ಬ್ಯಾಕಪ್ ತೆಗೆಯಬೇಕು, ಆಪರೇಟಿಂಗ್ ಸಿಸ್ಟಮ್ಮಿಗೆ ಪ್ಯಾಚ್ ಹಾಕಬೇಕು, ಡಿಸ್ಕ್ ತುಂಬಿತೇ ಎಂದು ನೋಡುತ್ತಿರಬೇಕು. ಆರ್‌ಡಿಎಸ್‌ನಲ್ಲಿ ಇವುಗಳಲ್ಲಿ ಹೆಚ್ಚಿನವು, ನೀವು ಒಮ್ಮೆ ಹೊಂದಿಸಿಟ್ಟರೆ, ‘ಆಗುತ್ತದೆ’ ಪಟ್ಟಿಗೆ ಹೋಗುತ್ತವೆ. ಇನ್ನೊಂದು ವಿಷಯ: ಆಡುಮಾತಿನ ಕನ್ನಡದಲ್ಲಿ ‘ಲೀಸ್ಟ್’ ಎಂಬಂಥ ಒಂಟಿ ರೂಪದ ಬಳಕೆ ಕಡಿಮೆ. ‘ಇವುಗಳಲ್ಲಿ’, ‘ಎಲ್ಲಕ್ಕಿಂತ’ ಎಂದು ಹೋಲಿಕೆಯ ಗುಂಪನ್ನು ನಾವು ಬಾಯಿಬಿಟ್ಟು ಹೇಳುತ್ತೇವೆ. ಪರೀಕ್ಷೆ ಕೇಳುತ್ತಿರುವುದೂ ಅಷ್ಟನ್ನೇ. ಜಗತ್ತಿನಲ್ಲೇ ಕಡಿಮೆ ಶ್ರಮದ ದಾರಿಯನ್ನಲ್ಲ. ಷರತ್ತುಗಳನ್ನೆಲ್ಲ ಪೂರೈಸುವ ಉತ್ತರಗಳಲ್ಲಿ ಕಡಿಮೆ ಶ್ರಮದ್ದು ಯಾವುದು ಎಂಬುದನ್ನು. ಷರತ್ತು ಪೂರೈಸದ್ದು ಎಷ್ಟು ಸಲೀಸಾಗಿದ್ದರೂ ಆ ಗುಂಪಿಗೇ ಸೇರುವುದಿಲ್ಲ.

ನಾನೇ ಕಟ್ಟಿದ ಒಂದು ಪ್ರಶ್ನೆ ಇಡುತ್ತೇನೆ. ಒಂದು ಸಹಕಾರಿ ಬ್ಯಾಂಕಿನ ವ್ಯವಸ್ಥೆ ಅಮೆಜಾನಿನ ಮುಂಬೈ ರೀಜನ್ನಿನಲ್ಲಿದೆ. ಇಡೀ ರೀಜನ್ ಮಲಗಿದರೂ ಒಂದು ಗಂಟೆಯೊಳಗೆ ಹೈದರಾಬಾದ್ ರೀಜನ್ನಿನಿಂದ ವ್ಯವಹಾರ ಶುರುವಾಗಬೇಕು. ಕಳೆದುಹೋಗುವ ಲೆಕ್ಕ 15 ನಿಮಿಷದ್ದಕ್ಕಿಂತ ಹೆಚ್ಚಿರಬಾರದು. ಕೊಟ್ಟ ದುಡ್ಡಿಗೆ ಹೆಚ್ಚು ಪ್ರಯೋಜನ ಯಾವುದರಲ್ಲಿ? ಒಂದು: ದಿನಾ ರಾತ್ರಿ ಬ್ಯಾಕಪ್ ತೆಗೆದು ಹೈದರಾಬಾದಿಗೆ ಕಳಿಸುವುದು. ಎರಡು: ಮುಂಬೈನಲ್ಲೇ ಮಲ್ಟಿ-ಎಝೆಡ್. ಮೂರು: ಹೈದರಾಬಾದಿನಲ್ಲಿ ರೀಡ್ ರೆಪ್ಲಿಕಾ ಇಟ್ಟು, ಉಳಿದ ಸರ್ವರುಗಳನ್ನು ಬೇಕಾದಾಗ ಎಬ್ಬಿಸಲು ಟೆಂಪ್ಲೇಟ್ ಸಿದ್ಧವಿಟ್ಟುಕೊಳ್ಳುವುದು. ನಾಲ್ಕು: ಎರಡೂ ಊರುಗಳಲ್ಲಿ ಇಡೀ ವ್ಯವಸ್ಥೆಯನ್ನು ಸದಾ ನಡೆಸುವುದು. ಮೊದಲನೆಯದರಲ್ಲಿ ಒಂದು ಹಗಲಿನ ಲೆಕ್ಕ ಪೂರ್ತಿ ಮುಳುಗಬಹುದು. ಎರಡನೆಯದು ಬಹಳ ಸಲೀಸು, ಎಲ್ಲವೂ ತಾನಾಗಿಯೇ ಆಗುತ್ತದೆ, ಆದರೆ ಊರೇ ಮುಳುಗಿದಾಗ ಪಕ್ಕದ ಬೀದಿಯ ಮನೆ ಆಸರೆಯಾಗುವುದಿಲ್ಲ. ನಾಲ್ಕನೆಯದು ನಡೆಯುತ್ತದೆ, ಖರ್ಚು ಹೆಚ್ಚುಕಡಿಮೆ ಇಮ್ಮಡಿ. ಉಳಿದದ್ದು ಮೂರನೆಯದು: ಮಾಡಬೇಕಾದ್ದು ಒಂದಿಷ್ಟಿದೆ, ಆದರೆ ಒಂದು ಗಂಟೆಯೊಳಗೆ ಮಾಡಬಹುದಾದಷ್ಟು. ಇಷ್ಟು ಹೇಳಲು ನನಗೆ ಬೇಕಾದ ಇಂಗ್ಲಿಷ್ ಪದಗಳು ನಿಮಗೆಲ್ಲ ಗೊತ್ತಿರುವ ಕೆಲವೇ ನಾಮಪದಗಳು. ತರ್ಕವೆಲ್ಲ ಮನೆಮಾತಿನದು.

ಆ ಪ್ರಶ್ನೆಯಲ್ಲಿ ಆರ್‌ಟಿಒ, ಆರ್‌ಪಿಒ ಎಂಬ ಎರಡು ಅಳತೆಗಳಿದ್ದವು, ಹೆಸರು ಹೇಳದೆ ದಾಟಿಬಿಟ್ಟೆ. ತಯಾರಿಗೆ ಕೂತವರು ಇವೆರಡನ್ನು ಎಷ್ಟು ಸಲ ಅದಲುಬದಲು ಮಾಡುತ್ತಾರೆಂದರೆ, ಅಕ್ಷರ ನೆನಪಿಟ್ಟುಕೊಳ್ಳಲು ಬೇರೆ ಸೂತ್ರಗಳನ್ನೇ ಕಟ್ಟಿಕೊಂಡಿದ್ದಾರೆ. ಕನ್ನಡದಲ್ಲಿ ಕೇಳಿ ನೋಡಿ: ‘ಅಂಗಡಿ ಎಷ್ಟು ಹೊತ್ತು ಮುಚ್ಚಿದ್ದರೆ ತಡೆದುಕೊಳ್ಳುತ್ತೀರಿ?’ ‘ಎಷ್ಟು ಹೊತ್ತಿನ ಲೆಕ್ಕದ ಪುಸ್ತಕ ಸುಟ್ಟುಹೋದರೆ ತಡೆದುಕೊಳ್ಳುತ್ತೀರಿ?’ ಮೊದಲನೆಯದು ಆರ್‌ಟಿಒ, ಎರಡನೆಯದು ಆರ್‌ಪಿಒ. ಹೀಗೆ ಒಮ್ಮೆ ಹೇಳಿಕೊಂಡ ಮೇಲೆ ಅದಲುಬದಲಾಗುವುದು ಕಷ್ಟ. ಹೈಲಿ ಅವೈಲಬಲ್, ಫಾಲ್ಟ್ ಟಾಲರೆಂಟ್ ಎಂಬ ಜೋಡಿಯೂ ಅಷ್ಟೇ: ಒಂದು ಬಿದ್ದರೆ ಬೇಗ ಏಳುವುದು, ಇನ್ನೊಂದು ಒಂದು ಕಾಲು ಮುರಿದರೂ ನಡಿಗೆ ನಿಲ್ಲಿಸದಿರುವುದು. ಎಸ್‌ಕ್ಯೂಎಸ್‌ನ ಸಾಮಾನ್ಯ ಕ್ಯೂನಲ್ಲಿ ಸಂದೇಶ ‘ಅಟ್ ಲೀಸ್ಟ್ ಒನ್ಸ್’ ತಲುಪುತ್ತದೆ ಎಂದು ಓದಿ ತಲೆಯಾಡಿಸುವವರು, ‘ಒಮ್ಮೆಯಾದರೂ’ ಎಂದು ಕನ್ನಡದಲ್ಲಿ ಹೇಳಿದ ಕೂಡಲೇ ‘ಹಾಗಾದರೆ ಎರಡು ಸಲವೂ ಬರಬಹುದಾ? ಗಿರಾಕಿಯ ದುಡ್ಡು ಎರಡು ಸಲ ಕಟ್ ಆದರೆ?’ ಎಂದು ಕೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಆ ಪ್ರಶ್ನೆಯೇ ಆರ್ಕಿಟೆಕ್ಚರ್.

ಇಲ್ಲಿ ಎರಡನೇ ಗುಂಪಿನವರು, ಪದ ಹುಟ್ಟಿಸುವವರು, ಖುಷಿಪಡಬಹುದು. ಸ್ವಲ್ಪ ತಾಳಿ. ಮೇಲಿನ ಮಾತುಗಳಲ್ಲಿ ಒಂದೂ ಹೊಸ ಪದವಿಲ್ಲ. ರೀಜನ್ ರೀಜನ್ನಾಗಿಯೇ ಇದೆ, ರೆಪ್ಲಿಕಾ ರೆಪ್ಲಿಕಾ ಆಗಿಯೇ ಇದೆ. ಅನುವಾದದಿಂದ ಹೊಟ್ಟೆ ಹೊರೆಯುವವಳಾಗಿ ಹೇಳುತ್ತೇನೆ: ಇಲ್ಲಿ ಕಷ್ಟ ನಾಮಪದದ್ದಲ್ಲ. ‘ಪೈಲಟ್ ಲೈಟ್’ ಎಂಬ ವಿಧಾನವಿದೆ. ಮೇಲಿನ ಮೂರನೇ ಉತ್ತರ ಅದರದ್ದೇ ಮಾದರಿ: ಮುಖ್ಯ ಭಾಗವೊಂದನ್ನು ಮಾತ್ರ ಸದಾ ಜೀವಂತವಾಗಿಟ್ಟು, ಉಳಿದದ್ದನ್ನು ಬೇಕಾದಾಗ ಎಬ್ಬಿಸುವುದು. ಹಳ್ಳಿಯ ಒಲೆ ಕಂಡವರಿಗೆ ಇದು ತಕ್ಷಣ ತಿಳಿಯುತ್ತದೆ. ರಾತ್ರಿ ಕೆಂಡವನ್ನು ಬೂದಿಯೊಳಗೆ ಹುದುಗಿಸಿಟ್ಟು, ಬೆಳಿಗ್ಗೆ ಕೆದಕಿ ಊದಿ ಉರಿ ಹಚ್ಚುತ್ತಿದ್ದರಲ್ಲ, ಅದು. ಆದರೆ ಪೈಲಟ್ ಲೈಟನ್ನು ‘ಬೂದಿ ಮುಚ್ಚಿದ ಕೆಂಡ’ ಎಂದು ಪದಕೋಶಕ್ಕೆ ಸೇರಿಸಿದರೆ ಕೆಟ್ಟಿತು, ಕನ್ನಡದಲ್ಲಿ ಆ ಮಾತಿಗೆ ಒಳಗೊಳಗೇ ಹೊಗೆಯಾಡುವ ಅಪಾಯ ಎಂಬ ಅರ್ಥ ಆಗಲೇ ಇದೆ. ಹೋಲಿಕೆ ವಿವರಿಸಲು ಬಳಸಬೇಕು, ಹೆಸರಿಡಲು ಅಲ್ಲ. ಹೆಸರು ಇಂಗ್ಲಿಷಿನದೇ ಇರಲಿ, ಪರೀಕ್ಷೆಯಲ್ಲಿ ಕಾಣಿಸುವುದು ಅದೇ. ಅದರ ಸುತ್ತಲಿನ ವಾಕ್ಯ ಕನ್ನಡದ್ದಿರಲಿ.

ಪ್ರಶ್ನೆಪತ್ರಿಕೆಯೇ ಕನ್ನಡದಲ್ಲಿ ಬರಲಿ ಎನ್ನುವವರ ಆಸೆ ನ್ಯಾಯವಾದದ್ದೇ. ಇದೇ ಪರೀಕ್ಷೆ ಜಪಾನಿ, ಕೊರಿಯನ್, ಚೀನೀ ಭಾಷೆಗಳಲ್ಲಿ ಸಿಗುತ್ತದೆ; ಮುಂಬೈ, ಹೈದರಾಬಾದುಗಳಲ್ಲಿ ಒಂದೊಂದು ರೀಜನ್ ಇರುವ ದೇಶದ ಒಂದು ಭಾಷೆಯಲ್ಲೂ ಇಲ್ಲ. ಆದರೂ ಇದನ್ನು ಮೊದಲ ಬೇಡಿಕೆ ಮಾಡುವುದು ಬಂಡಿಯ ಹಿಂದೆ ಎತ್ತು ಕಟ್ಟಿದಂತೆ. ಜೆಇಇ ಮೇನ್ 2021ರಿಂದ ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆಯುತ್ತಿದೆ. ಅದಕ್ಕೆ ತಯಾರು ಮಾಡುವ ಎರಡು ವರ್ಷದ ಓದು ಮಾತ್ರ ನಮ್ಮಲ್ಲಿ ಹೆಚ್ಚಾಗಿ ಇಂಗ್ಲಿಷಿನಲ್ಲೇ ನಡೆಯುತ್ತದೆ. ಓದಿದ್ದೊಂದು ಭಾಷೆ, ಪತ್ರಿಕೆ ಇನ್ನೊಂದು ಭಾಷೆ ಎಂದರೆ ಊಟವಿಲ್ಲದೆ ಎಲೆ ಹಾಸಿದಂತೆ. ಜಪಾನಿಯರಿಗೆ ಪತ್ರಿಕೆ ಸಿಕ್ಕಿದ್ದು ಅವರು ಮನವಿ ಕೊಟ್ಟಿದ್ದಕ್ಕಲ್ಲ. ಆ ಭಾಷೆಯಲ್ಲೇ ಓದಿ, ಬರೆದು, ಕೆಲಸ ಮಾಡುವ ಇಂಜಿನಿಯರುಗಳು ಅಲ್ಲಿ ಮೊದಲೇ ಇದ್ದರು.

ಇನ್ನು ಮೊದಲ ಗುಂಪಿನವರು. ‘ಕೊನೆಗೆ ಉತ್ತರ ಒತ್ತುವುದು ಇಂಗ್ಲಿಷಿನಲ್ಲೇ ತಾನೇ? ಕನ್ನಡಕ್ಕೆ ತಂದು ಮತ್ತೆ ಇಂಗ್ಲಿಷಿಗೆ ಒಯ್ಯುವುದು ಎರಡು ಪಟ್ಟು ಕೆಲಸವಲ್ಲವೇ?’ ಎಂದು ಅವರು ಕೇಳುತ್ತಾರೆ. ಹೌದು, ಎರಡು ಪಟ್ಟು ಕೆಲಸ, ತಯಾರಿಯ ವಾರಗಳಲ್ಲಿ. ಪರೀಕ್ಷೆಯ ದಿನ ಅಲ್ಲ. ತಯಾರಿಯಲ್ಲಿ ನೂರು ಸಲ ಬಿಚ್ಚಿ ನೋಡಿದ ಪದ ಪರೀಕ್ಷೆಯ ಕೋಣೆಯಲ್ಲಿ ಇಂಗ್ಲಿಷಿನ ವೇಷದಲ್ಲೇ ಬಂದರೂ ಗುರುತು ಸಿಗುತ್ತದೆ. ಕನ್ನಡದಲ್ಲಿ ಯೋಚಿಸಿದರೆ ಬುದ್ಧಿ ಹೆಚ್ಚುತ್ತದೆ ಎಂಬ ಮಾಯಾವಾದವನ್ನು ನಾನು ಹೇಳುತ್ತಿಲ್ಲ. ಭಾಷಾಶಾಸ್ತ್ರ ಓದಿದ ಯಾರೂ ಅಷ್ಟು ಸಲೀಸಾಗಿ ಹಾಗೆ ಹೇಳಲಾರರು. ಇಂಗ್ಲಿಷಿನಲ್ಲೇ ಬೆಳೆದವರಿಗೆ ಬಂಗಾಳಿಗೆ ಅನುವಾದ ಮಾಡಲು ಹಚ್ಚಿದರೂ ಇದೇ ಪ್ರಯೋಜನ ಸಿಕ್ಕೀತು. ಅನುವಾದದ ಗುಣವೇ ಅದು: ತಿಳಿಯದ್ದನ್ನು ಹಾಗೇ ದಾಟಿಸಲು ಬಿಡುವುದಿಲ್ಲ. ಕಾಪಿ ಹೊಡೆಯಬಹುದು, ಬಾಯಿಪಾಠ ಮಾಡಬಹುದು, ಅರ್ಥವಾಗದೆ ಅನುವಾದ ಮಾಡಲು ಬರುವುದಿಲ್ಲ. ನಮ್ಮಲ್ಲಿ ಎರಡು ಭಾಷೆ ಆಗಲೇ ಇವೆ, ಈ ಉಪಕರಣ ಪುಕ್ಕಟೆ ಕೈಯಲ್ಲಿದೆ. ಅದನ್ನು ಹಬ್ಬದ ದಿನ ಉಡುವ ರೇಷ್ಮೆಯಂತೆ ಪೆಟ್ಟಿಗೆಯಲ್ಲಿಟ್ಟು, ಡಂಪ್‌ಗೆ ದುಡ್ಡು ಕೊಡುತ್ತಿದ್ದೇವೆ.

‘ಕನ್ನಡ ಇಂಥದ್ದಕ್ಕೆಲ್ಲ ಅಲ್ಲ’ ಎನ್ನುವವರಿಗೆ ನಮ್ಮದೇ ಇತಿಹಾಸ ಗೊತ್ತಿಲ್ಲ. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದ, ವ್ಯಾಪಾರದ ಲೆಕ್ಕವನ್ನು. ಇನ್ನೂ ಹತ್ತಿರದ ಉದಾಹರಣೆ ನಮ್ಮಂತೆಯೇ ಹೊರನಾಡಿನಲ್ಲಿದ್ದ ಬಿ.ಜಿ.ಎಲ್. ಸ್ವಾಮಿಯವರದು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು ಗಿಡಮರಗಳ ಶಾಸ್ತ್ರವನ್ನು ‘ಹಸುರು ಹೊನ್ನು’ ಪುಸ್ತಕದಲ್ಲಿ ಕನ್ನಡದವರ ಮನೆಮಾತಿಗೆ ತಂದರು. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಲ್ಯಾಟಿನ್ ಹೆಸರುಗಳಿಗೆ ಅವರು ಅಂಜಲಿಲ್ಲ, ಹೆಸರುಗಳೆಲ್ಲ ಕನ್ನಡವಾಗಲಿ ಎಂದು ಕಾಯುತ್ತಲೂ ಕೂರಲಿಲ್ಲ. ಚೆನ್ನೈನ ಓದುಗರಿಗೆ ಇದನ್ನು ನಾನು ನೆನಪಿಸಬೇಕಿಲ್ಲ.

ಹಾಗಾಗಿ ನನ್ನ ಬೇಡಿಕೆ ಸರ್ಕಾರದ ಮುಂದಲ್ಲ, ಅಮೆಜಾನಿನ ಮುಂದೂ ಅಲ್ಲ. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳ ಕನ್ನಡ ಸಂಘಗಳ ಮುಂದೆ. ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಹಾಡು-ಕುಣಿತ ಇರಲಿ, ಬೇಡವೆನ್ನುವವಳು ನಾನಲ್ಲ. ಆದರೆ ಸಂಘದ ಸದಸ್ಯರಲ್ಲಿ, ಅವರ ಮಕ್ಕಳಲ್ಲಿ, ಸಾಫ್ಟ್‌ವೇರಿನಲ್ಲಿ ದುಡಿಯುವವರು ಎಷ್ಟು ಮಂದಿ ಎಂದು ಎಣಿಸಿ ನೋಡಿ. ಅವರಿಗಾಗಿ ತಿಂಗಳಿಗೆ ಎರಡು ಭಾನುವಾರ, ಎರಡೆರಡು ಗಂಟೆ, ಒಂದು ಕೋಣೆ ಬಿಟ್ಟುಕೊಡಿ. ನಾಲ್ಕು ಮಂದಿ ಸಾಕು. ಕದ್ದ ಪ್ರಶ್ನೆ ಬೇಡ. ಅಮೆಜಾನಿನವರೇ 20 ಅಭ್ಯಾಸ ಪ್ರಶ್ನೆಗಳನ್ನು ಪುಕ್ಕಟೆ ಕೊಡುತ್ತಾರೆ. ದಿನಕ್ಕೆ ಐದು ಪ್ರಶ್ನೆ ತೆಗೆದುಕೊಳ್ಳಿ. ಒಬ್ಬರು ಇಂಗ್ಲಿಷಿನಲ್ಲಿ ಓದಲಿ, ಇನ್ನೊಬ್ಬರು ಪರಿಸ್ಥಿತಿಯನ್ನು ಕನ್ನಡದಲ್ಲಿ ಹೇಳಲಿ, ಉಳಿದವರು ಒಂದೊಂದು ಉತ್ತರವನ್ನೂ ಬಿಚ್ಚಿ ‘ಇದು ಆಗುತ್ತದೆಯೋ, ಮಾಡಬೇಕೋ? ಮಾಡಬೇಕಾದರೆ ಯಾರು?’ ಎಂದು ಪೀಡಿಸಲಿ. ತಪ್ಪು ಉತ್ತರ ಯಾಕೆ ತಪ್ಪು ಎಂದು ಒಂದು ಕನ್ನಡ ವಾಕ್ಯದಲ್ಲಿ ಹೇಳಲಾಗದಿದ್ದರೆ ಆ ಪ್ರಶ್ನೆ ಮುಗಿದಿಲ್ಲ ಎಂದೇ ಲೆಕ್ಕ. ಆ ವಾಕ್ಯಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಮುಂದಿನ ವರ್ಷ ಬರುವ ನಾಲ್ವರಿಗೆ ಅದೇ ಪಠ್ಯ.

ಇದರಿಂದ ಎಲ್ಲರೂ ಪಾಸಾಗುತ್ತಾರೆ ಎಂದು ನಾನು ಹೇಳುವುದಿಲ್ಲ. ಆದರೆ ಪಾಸಾದವರು ಮುಂದೆ ರಾತ್ರಿ ಎರಡಕ್ಕೆ ಫೋನ್ ಬಂದಾಗ ‘ಫೇಲ್‌ಓವರ್ ಆಗುತ್ತದೆ ಅಂದುಕೊಂಡಿದ್ದೆ’ ಎನ್ನುವುದಿಲ್ಲ. ನಿಮ್ಮ ಸಂಘದ ಹಾಲ್ ವರ್ಷದಲ್ಲಿ ಎಷ್ಟು ಭಾನುವಾರ ಖಾಲಿ ಇರುತ್ತದೆ ಎಂದು ಈ ವಾರವೇ ಕಾರ್ಯದರ್ಶಿಗಳನ್ನು ಕೇಳಿ.